ಪೋರ್ಟ್ ಲೂಯಿಯಿಂದ ಟಪ್ಪಾಲು

ಲಂಡನ್ನಿನ ಯಾವುದೋ ಮಹಡಿಯಲ್ಲಿ
ಪೆನ್ಸಿಲು ಹಿಡಿದು ಕೂತವನೇ,
ನಿನ್ನ ಹೆಸರು ನನಗೆ ತಿಳಿಯದು.
ತಂತಿಯ ಕೊನೆಗೆ ಬರೀ ‘ಹಡಗು ಹಂಚಿಕೆ’ ಎಂದಿರುತ್ತದೆ.
ನಾನು ಎವರಿಸ್ತ್ ಲಾಪೇರ್, ಬಂದರು ಕಚೇರಿ, ಎರಡನೇ ದರ್ಜೆ,
ನಿನ್ನ ಅಂಕಿಗಳನ್ನು ಒಡೆದು ಮಾತು ಮಾಡುವವನು.
ಈ ಕಾಗದ ನಿನಗೆ ತಲಪುವುದಿಲ್ಲ.
ಕಾಗದಕ್ಕೂ ಹಡಗು ಬೇಕಲ್ಲ.

ಸೋಮವಾರದ ತಂತಿ: ಮೂರು ತಿಂಗಳಿಗೆ ಒಂದು ಹಡಗು,
ನಾಲ್ಕು ಸಾವಿರ ಟನ್ನು.
ಅಕ್ಕಿಯೋ ಹಿಟ್ಟೋ ಕಲ್ಲಿದ್ದಲೋ,
ನೀವೇ ಆರಿಸಿಕೊಳ್ಳಿ.
ದಾರಿಯಲ್ಲಿ ಸವೆದು ಬಂದಿತ್ತು ಆ ಅಂಕಿ.
ಮೊದಲು ಒಂಬತ್ತು ಎಂದೇ ಓದಿದೆ,
ಓದುತ್ತಲೇ ಹೊಟ್ಟೆ ತುಂಬಿತು.
ಮರಳಿ ಕೇಳಿದೆವು. ನಾಲ್ಕೇ.

ರಂಗೂನು ಬಿದ್ದಾಗಿನಿಂದ
ಅಕ್ಕಿ ನಮ್ಮ ಬಾಯಲ್ಲಿರುತ್ತದೆ, ಮಾತಾಗಿ.
ಲಿ ಕ್ವೆತ್‌ನ ಅಂಗಡಿಯೆದುರು ಕೋಳಿ ಕೂಗುವ ಮುಂಚೆಯೇ ಸಾಲು.
ಸುಕ್ವರಿಯಾ ಮರಗೆಣಸು ಬೇಯಿಸುತ್ತಾಳೆ,
ಮುಸುಕಿನ ಜೋಳ ಬೀಸುತ್ತಾಳೆ,
ಚಿಕ್ಕವನು ಉಗುಳಿದರೆ ಬೆನ್ನಿಗೊಂದು ಬಿಟ್ಟು
ತಾನೂ ಅಳುತ್ತಾಳೆ.

ಇತ್ತ ಗೋದಾಮಿನ ತುಂಬ ಸಕ್ಕರೆ.
ಎರಡು ಕಟಾವಿನ ಸಕ್ಕರೆ, ಒಯ್ಯುವ ಹಡಗಿಲ್ಲದೆ
ಸೂರಿನ ತನಕ ಚೀಲದ ಮೇಲೆ ಚೀಲ.
ಕೆಳಗಿನವು ಬೆವತು, ಕರಗಿ, ಕಲ್ಲಾಗಿವೆ.
ಹಮಾಲಿ ಗಾಸ್ಪಾರ್ ಅದರ ನೆರಳಲ್ಲಿ ಕೂತು
ತನ್ನ ಕಬ್ಬಿಣದ ಕೊಕ್ಕೆಗೆ ಎಣ್ಣೆ ಸವರುತ್ತಾನೆ,
ದಿನಾ ಸವರುತ್ತಾನೆ.
ಇರುವೆಗಳಿಗೆ ಮಾತ್ರ ಕೈತುಂಬ ಕೆಲಸ.
ಅವಕ್ಕೆ ಪರವಾನಗಿ ಬೇಡ, ಬೆಂಗಾವಲು ಬೇಡ,
ಒಂದೊಂದು ತಾನೇ ಹಡಗು, ತಾನೇ ಹಮಾಲಿ.

ಸುಕ್ವರಿಯಾ ಕೇಳಿದಳು:
‘ಸಕ್ಕರೆ ಕೊಟ್ಟು ಅಕ್ಕಿ ತರಬಾರದೇ ಮುಸ್ಯೆ?’
ಸಕ್ಕರೆ ಹೋಗುವುದಕ್ಕೂ ಹಡಗು ಬೇಕಮ್ಮ.
‘ಹೋದ ಹಡಗು ಬರುವಾಗ ಅಕ್ಕಿ ತುಂಬಿಕೊಂಡು ಬರಲಿ.’
ಬರಬಹುದು.
‘ಮತ್ತೆ?’
ಆ ‘ಮತ್ತೆ’ಗೆ
ನನ್ನ ಸಂಕೇತ ಪುಸ್ತಕದಲ್ಲಿ ಅಂಕಿಯಿಲ್ಲ.

ಅಕ್ಕಿ ಎಂದು ಆರಿಸಿದೆವು. ಮಂಗಳವಾರ ತಂತಿ ಕಳಿಸಿದೆವು.
ಹಡಗಿನ ಹೆಸರು ಹಾರ್ಟ್‌ಫೆಲ್ ಎಂದು ತಿಳಿದದ್ದೇ
ಬಂದರಿನ ಬೀದಿಯಲ್ಲಿ ಅದೊಂದು ಹುಡುಗಿಯ ಹೆಸರಾಯಿತು,
ನಾಳೆ ಮದುವೆಯಾಗಿ ಬರುವವಳಂತೆ
ಎಲ್ಲರೂ ಅವಳ ಮಾತೇ ಆಡಿದರು.
ಗುರುವಾರ ಹನ್ನೊಂದು ಗಂಟೆಗೆ ನೀನು ಹೇಳಿದೆ:
ಹಾರ್ಟ್‌ಫೆಲ್ ಬೇರೆಡೆಗೆ ತಿರುಗಿದೆ. ವಿಷಾದ.

ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎನ್ನಲೇ?
ಕೈಗೂ ಬಂದಿರಲಿಲ್ಲ. ಕಿವಿಗೆ ಬಂದಿತ್ತು ಅಷ್ಟೆ.
ನಿನ್ನನ್ನು ಬೈಯಲು ಎರಡು ಹಾಳೆ ತೆಗೆದಿಟ್ಟೆ.
ಬೈಗುಳ ನನಗೆ ಮೂರು ಭಾಷೆಯಲ್ಲಿ ಬರುತ್ತದೆ.

ಆಗ ನೆನಪಾಯಿತು ಹೋದ ವರ್ಷದ ಹಡಗು.
ರಾತ್ರೋರಾತ್ರಿ ಬಂದದ್ದು, ನಾವು ಕೇಳದೆಯೇ ಬಂದದ್ದು.
ಅದರ ಚೀಲಗಳ ಮೇಲೆ ಬೇರೆ ಬಂದರಿನ ಹೆಸರಿತ್ತು.
ಕುಂಚ ತಂದು, ಕರಿ ಬಣ್ಣ ಬಳಿದು,
ಅದರ ಮೇಲೆ ನಮ್ಮೂರಿನ ಹೆಸರು ಬರೆದವನು
ನಾನೇ.
ಆರುನೂರು ಚೀಲವಾದ ಮೇಲೆ ಕೈ ಸೋತು
ಗಾಸ್ಪಾರನ ಮಗನಿಗೆ ಕುಂಚ ಕೊಟ್ಟೆ.
ಅಳಿಸಿದ ಊರಲ್ಲಿ ಅಂದು ಯಾರು ಸಾಲಲ್ಲಿ ನಿಂತಿದ್ದರು,
ಯಾವ ಗುಮಾಸ್ತ ಯಾರಿಗೆ ‘ವಿಷಾದ’ ಓದಿ ಹೇಳಿದ,
ಕೇಳಲಿಲ್ಲ. ಆ ರಾತ್ರಿ ಅನ್ನ ಬೆಂದಿತ್ತು,
ಗಂಜಿಯ ಕೆನೆಗೆ ಮಕ್ಕಳು ಜಗಳಾಡಿದ್ದವು.
ಈಗ ಆ ಊರಿನ ಹೆಸರೂ ನೆನಪಾಗುತ್ತಿಲ್ಲ.
ಮೊದಲಕ್ಷರ ‘ಬ’ ಇರಬೇಕು.

ಹಾಳೆಗಳನ್ನು ಒಳಗಿಟ್ಟೆ.
ನಿನ್ನ ಭೂಪಟದಲ್ಲಿ ನಾವೊಂದು ಗುಂಡುಸೂಜಿ,
ನಿನಗೂ ಮೇಲೊಬ್ಬ ಸೂಜಿ ಚುಚ್ಚುವವನಿರಬೇಕು,
ನಿನ್ನ ಮನೆಯಲ್ಲೂ ಮೊಟ್ಟೆ ಎಣಿಸಿ ಒಡೆಯುತ್ತಿರಬೇಕು.
ಇರಲಿ, ಅದರಿಂದ ಸುಕ್ವರಿಯಾಳ ಒಲೆ ಉರಿಯುವುದಿಲ್ಲ.

ಸಂಜೆ ಕಚೇರಿ ಮುಚ್ಚಿ ಗೋದಾಮಿನ ಓಣಿಯಲ್ಲಿ ನಡೆದೆ.
ಕರಗಿದ ಸಕ್ಕರೆ ಬಾಗಿಲ ಸಂದಿಯಿಂದ ಹರಿದಿತ್ತು.
ಬೂಟು ನೆಲಕ್ಕೆ ಅಂಟಿ, ಕಿತ್ತು, ಅಂಟಿ,
ಮನೆಯವರೆಗೂ ಒಂದೊಂದು ಹೆಜ್ಜೆಯೂ
ಸದ್ದು ಮಾಡಿತು.